ಉಣ್ಣೆ ತುಂಬಿದ ನಾಯಿ

ನಾನು ಒಂದು ಮಸಿಚೆಂಡು. ಹೀಗೆ ಹೇಳುವಾಗ ‘ಒಂದು’ ಎಂಬ ಮಾತಿನಲ್ಲೇ ನನಗೆ ಅನುಮಾನ ಶುರುವಾಗುತ್ತದೆ. ನನ್ನ ಹೊರಮೈ ನಾಯಿಯ ಚರ್ಮ. ಒಳಗೆ ತುಂಬಿರುವುದು ಕುರಿಯ ಉಣ್ಣೆ. ಮೇಲೆ, ಮನುಷ್ಯ ಹಿಡಿದುಕೊಳ್ಳಲು, ಮರದ ಹಿಡಿ. ಇವುಗಳಲ್ಲಿ ಈಗ ಮಾತಾಡುತ್ತಿರುವುದು ಯಾವುದು? ನಾಯಿಯೇ ಇರಬೇಕು ಎಂದುಕೊಂಡಿದ್ದೇನೆ. ಕುರಿಗೆ ತನ್ನ ಕಥೆ ಹೇಳುವ ಚಟವಿಲ್ಲ, ಮರಕ್ಕೆ ಅವಸರವಿಲ್ಲ. ಆದರೂ ಖಾತ್ರಿಯಾಗಿ ಹೇಳಲಾರೆ. ಬೊಗಳಬೇಕು ಅನ್ನಿಸಿದಾಗಲೆಲ್ಲ ಒಳಗಿನಿಂದ ಮೆತ್ತಗೆ, ಹೆದರಿದ ಹಾಗೆ, ಏನೋ ಒತ್ತುತ್ತದೆ.

ನನ್ನ ಕೆಲಸ ಸರಳವಾದದ್ದು. ಸೀಸದ ಅಚ್ಚುಮೊಳೆಗಳನ್ನು ಸಾಲುಸಾಲಾಗಿ ಜೋಡಿಸಿಟ್ಟಿರುತ್ತಾರೆ. ನನ್ನ ಮುಖಕ್ಕೆ ಮಸಿ ಹಚ್ಚಿ ಅವುಗಳ ಮೇಲೆ ತಟ್ಟುತ್ತಾರೆ. ಆಮೇಲೆ ಒದ್ದೆ ಕಾಗದ ಹಾಸಿ ಒತ್ತಿದರೆ ಅಕ್ಷರಗಳು ಕಾಗದಕ್ಕೆ ಬರುತ್ತವೆ. ರೈನ್ ನದಿಯ ದಂಡೆಯ ಊರುಗಳಲ್ಲಿ ಈ ಕಸುಬು ಆಗತಾನೇ ಹುಟ್ಟಿದ ಕಾಲದಲ್ಲಿ ನಾನೂ ಹುಟ್ಟಿದೆ. ಹುಟ್ಟಿದೆ ಎನ್ನುವುದೂ ಪೂರ್ತಿ ಸರಿಯಲ್ಲ. ಅದು ನನ್ನ ಎರಡನೆಯ ಹುಟ್ಟು.

ಮೊದಲನೆಯದು ಗುಡ್ಡದ ಮೇಲೆ, ವೆಲ್ಟೆನ್ ಎಂಬ ಕುರಿಗಾಹಿಯ ಗುಡಿಸಲಿನಲ್ಲಿ. ಆಗ ನನಗೆ ನಾಲ್ಕು ಕಾಲುಗಳಿದ್ದವು, ಮೂಗಿತ್ತು, ಗಂಟಲಿತ್ತು. ಕುರಿಗಳ ಸುತ್ತ ಓಡುವುದು, ತಪ್ಪಿಸಿಕೊಂಡದ್ದನ್ನು ಹಿಂಡಿಗೆ ತರುವುದು, ತೋಳದ ವಾಸನೆ ಬಂದರೆ ಬೊಗಳುವುದು, ಇಷ್ಟೇ ಬದುಕು. ಒಂದು ವಿಷಯದಲ್ಲಿ ಮಾತ್ರ ನಾನು ಸುತ್ತಲಿನ ಗುಡ್ಡಗಳಲ್ಲೆಲ್ಲ ಹೆಸರು ಮಾಡಿದ್ದೆ. ಯಾವ ಕುರಿಗೆ ಗಬ್ಬ ನಿಂತಿದೆ ಎಂದು ಎಲ್ಲರಿಗಿಂತ ಮೊದಲು ನನಗೆ ತಿಳಿಯುತ್ತಿತ್ತು. ಅದರ ಮೂತ್ರದ ವಾಸನೆ ಬೇರೆಯಾಗುತ್ತದೆ. ಹೊಸ ಹುಲ್ಲು ಮುರಿದಾಗ ಬರುವಂಥದ್ದು, ಸ್ವಲ್ಪ ಹಾಲು ಬೆರೆತಂತೆ. ನಾನು ಅಂಥ ಕುರಿಯ ಹಿಂದೆ ನಿಂತು ಬೊಗಳುತ್ತಿದ್ದೆ.

“ಕೇಳಿದೆಯಾ? ಇವನು ಬೊಗಳಿದ ಅಂದ್ರೆ ಮುಗೀತು. ಮರಿ ಬಂದ ಹಾಗೇನೇ,” ಎಂದು ವೆಲ್ಟೆನ್ ತನ್ನ ಹೆಂಡತಿಗೆ ಹೇಳುತ್ತಿದ್ದ. ಆ ಕುರಿಯನ್ನು ಅವನು ಕಲ್ಲುದಾರಿಯಲ್ಲಿ ನಡೆಸುತ್ತಿರಲಿಲ್ಲ.

ಒಂದು ಚಳಿಗಾಲ ನಾನು ಹಿಮದಲ್ಲಿ ಮಲಗಿದವನು ಏಳಲಿಲ್ಲ. ವೆಲ್ಟೆನ್ ಅತ್ತ. ಅಳುತ್ತಲೇ ನನ್ನ ಚರ್ಮ ಸುಲಿದ. ಕಣ್ಣೊರೆಸಿಕೊಳ್ಳುವುದು, ಸುಲಿಯುವುದು ಎರಡನ್ನೂ ಅದೇ ಕೈ ಮಾಡುತ್ತಿತ್ತು. ಅದು ನನಗೆ ಆಗ ಅರ್ಥವಾಗಲಿಲ್ಲ. ಈಗಲೂ ಆಗಿದೆ ಎನ್ನಲಾರೆ.

ಚರ್ಮ ಹದ ಮಾಡುವವನ ಅಂಗಳದಲ್ಲಿ ಒಣಗುತ್ತಿದ್ದ ನನ್ನನ್ನು ಒಬ್ಬ ಹೆಂಗಸು ಬೆರಳಿನಿಂದ ಎಳೆದು ನೋಡಿದಳು. ಅವಳ ಉಗುರುಗಳ ಸುತ್ತ ಕಪ್ಪು ಕಟ್ಟಿತ್ತು. ಅವಳು ಗೆಲಾ. ಅವಳ ಗಂಡ ಎಕಾರ್ಟ್ ಮೈಂಟ್ಸ್ ಪಟ್ಟಣದಲ್ಲಿ ಅಚ್ಚಿನ ಕಸುಬು ಕಲಿತಿದ್ದ. ಯಾರಿಗೂ ಗುಟ್ಟು ಬಿಟ್ಟುಕೊಡುವುದಿಲ್ಲ ಎಂದು ಅಲ್ಲಿ ಆಣೆಯಿಟ್ಟಿದ್ದನಂತೆ. ಆಮೇಲೆ ಪಟ್ಟಣದ ಮೇಲೆ ಸೈನ್ಯ ಬಿದ್ದು, ಮನೆಗಳು ಲೂಟಿಯಾಗಿ, ಆಣೆಯಿಟ್ಟವರೆಲ್ಲ ದಿಕ್ಕಿಗೊಬ್ಬರಾದರು. ಎಕಾರ್ಟ್ ನದಿಯ ಮೇಲ್ದಂಡೆಯ ಈ ಊರಿಗೆ ಬಂದು, ಮುಚ್ಚಿಹೋಗಿದ್ದ ಒಂದು ದ್ರಾಕ್ಷಾರಸದ ಕೊಟ್ಟಿಗೆಯಲ್ಲಿ ಅಚ್ಚುಕೂಟ ತೆರೆದ.

“ಕರುವಿನ ಚರ್ಮ ಮಸಿ ಕುಡಿದುಬಿಡುತ್ತೆ,” ಗೆಲಾ ಚರ್ಮದವನಿಗೆ ಹೇಳುತ್ತಿದ್ದಳು. “ಬಟ್ಟೆ ಕಟ್ಟಿ ನೋಡಿದ್ವಿ, ಅಕ್ಷರದ ಮೇಲೆ ಬಟ್ಟೆಯ ಎಳೆ ಮೂಡುತ್ತೆ. ನಾಯಿಗೆ ಬೆವರಿನ ತೂತು ಇಲ್ಲ ಅಂತಾರಲ್ಲ, ಇದನ್ನೂ ನೋಡೋಣ.”

ಹೀಗೆ ‘ನೋಡೋಣ’ ಎಂದು ನನ್ನನ್ನು ಆರಿಸಿದ್ದು.

ಆ ಕೊಟ್ಟಿಗೆಯಲ್ಲಿ ಯಾವುದೂ ತಾನು ಮೊದಲಿದ್ದದ್ದಾಗಿ ಉಳಿದಿರಲಿಲ್ಲ. ಅಚ್ಚಿನ ಯಂತ್ರ ಹಿಂದೆ ದ್ರಾಕ್ಷಿ ಹಿಂಡುತ್ತಿದ್ದದ್ದು. ಬೇಸಿಗೆ ಕಳೆದು ದ್ರಾಕ್ಷಿ ಹಣ್ಣಾಗುವ ಕಾಲ ಬಂದರೆ ಅದರ ಮರದಿಂದ ಹುಳಿ ವಾಸನೆ ಏಳುತ್ತಿತ್ತು. ಪಾಪ, ಈ ಸಲವಾದರೂ ಹಣ್ಣು ತರುತ್ತಾರೆ ಎಂದು ಕಾಯುತ್ತಿತ್ತೋ ಏನೋ. ಕಾಗದ ಯಾರೋ ಹರಿದು ಬಿಸಾಕಿದ ಅಂಗಿಗಳಿಂದ ಆದದ್ದು. ಮಸಿ ಅಗಸೆ ಎಣ್ಣೆ ಮತ್ತು ದೀಪದ ಮಸಿ ಸೇರಿ ಆದದ್ದು. ಮನುಷ್ಯರೂ ಹಾಗೆಯೇ. ಅಚ್ಚನ್ನು ಓದಿ ತಪ್ಪು ತಿದ್ದುವ ಗಂಗೋಲ್ಫ್ ಎಂಬ ಮುದುಕ ಮಠವೊಂದರಲ್ಲಿ ಪುಸ್ತಕ ನಕಲು ಮಾಡುತ್ತಿದ್ದವನು. ಮಠ ಬಿಟ್ಟರೂ ಆ ಉದ್ದನೆಯ ಅಂಗಿ ಬಿಟ್ಟಿರಲಿಲ್ಲ. ನನ್ನನ್ನು ಹಿಡಿಯುವ ಉಟ್ಸ್ ಮದುವೆಮನೆಗಳಲ್ಲಿ ನಗಾರಿ ಬಾರಿಸುತ್ತಿದ್ದವನು. ಎರಡು ಕೈಯಲ್ಲಿ ಸಮನಾಗಿ ತಟ್ಟಲು ಬರುತ್ತದೆ ಎಂದೇ ಅವನನ್ನು ಎಕಾರ್ಟ್ ಕರೆತಂದಿದ್ದ.

ಎರಡು ಕೈ ಎಂದೆನಲ್ಲ. ಮಸಿಚೆಂಡುಗಳು ಯಾವಾಗಲೂ ಜೋಡಿ. ಗೆಲಾ ನನ್ನ ಚರ್ಮವನ್ನು ಕತ್ತರಿಸಿ ಎರಡು ಚೆಂಡು ಮಾಡಿದಳು. ಬಲಗೈಯಲ್ಲಿರುವ ನಾನು ನಾಯಿಯ ಬೆನ್ನು. ಎಡಗೈಯಲ್ಲಿರುವುದು ನಾಯಿಯ ಹೊಟ್ಟೆ. ಮಸಿ ಸಮನಾಗಿ ಹರಡಲು ಉಟ್ಸ್ ನಮ್ಮಿಬ್ಬರನ್ನು ಒಂದಕ್ಕೊಂದು ಉಜ್ಜುತ್ತಾನೆ. ನನ್ನ ಬೆನ್ನು ನನ್ನ ಹೊಟ್ಟೆಯನ್ನು ಭೇಟಿಯಾಗುತ್ತದೆ, ಜೀವವಿದ್ದಾಗ ಎಂದೂ ಆಗದ ಭೇಟಿ. ಅದನ್ನು ‘ನಾನು’ ಎನ್ನಬೇಕೋ ‘ಅವನು’ ಎನ್ನಬೇಕೋ ಗೊತ್ತಿಲ್ಲ. ಅದು ಇದುವರೆಗೆ ಮಾತಾಡಿಲ್ಲ.

“ಯಜಮಾನಿ, ಈ ನಾಯಿ ಬದುಕಿದ್ದಾಗ ಯಾವುದೋ ಮದುವೇಲಿ ನನ್ನ ಕಾಲು ಹಿಡಿದಿರಬೇಕು,” ಎಂದು ಮೊದಲ ದಿನವೇ ಉಟ್ಸ್ ಹೇಳಿದ. “ಇಲ್ಲದಿದ್ರೆ ಇದನ್ನ ಬಡಿಯೋವಾಗ ಇಷ್ಟು ಖುಷಿ ಯಾಕಾಗ್ಬೇಕು?”

“ಬಡೀಬೇಡ, ತಟ್ಟು,” ಎಂದಳು ಗೆಲಾ. “ಮಗು ಮಲಗಿಸೋ ಹಾಗೆ.”

ಹೇಳಿದ ಮೇಲೆ ಅವಳು ಮುಖ ತಿರುಗಿಸಿಕೊಂಡಳು. ಉಟ್ಸ್ ಮುಂದೆ ತಮಾಷೆ ಮಾಡಲಿಲ್ಲ. ಅವಳಿಗೆ ಎರಡು ಸಲ ಬಸಿರು ನಿಂತು, ಉಳಿಯದೆ ಹೋಗಿತ್ತು ಎನ್ನುವುದು ಅವರೆಲ್ಲರಿಗೂ ತಿಳಿದಿತ್ತು. ಈಗ ಅವಳ ವಯಸ್ಸೂ ದಾಟುತ್ತಾ ಬಂದಿತ್ತು.

ನನಗೆ ಇದೆಲ್ಲ ಗೊತ್ತಾದದ್ದು ತೊಟ್ಟಿಯಿಂದ. ತೊಟ್ಟಿಯ ವಿಷಯ ಹೇಳದಿದ್ದರೆ ನನ್ನ ಕಥೆ ನಿಲ್ಲುವುದಿಲ್ಲ, ಆದ್ದರಿಂದ ಮುಜುಗರ ಬಿಟ್ಟು ಹೇಳುತ್ತೇನೆ. ದಿನದ ಕೆಲಸ ಮುಗಿದ ಮೇಲೆ ಮಸಿಚೆಂಡನ್ನು ಹಾಗೇ ಬಿಟ್ಟರೆ ಚರ್ಮ ಬಿರುಸಾಗಿ ಒಡೆಯುತ್ತದೆ. ಅದಕ್ಕೇ ಕಟ್ಟು ಬಿಚ್ಚಿ, ಉಣ್ಣೆ ತೆಗೆದು, ಚರ್ಮವನ್ನು ಮೂತ್ರದಲ್ಲಿ ನೆನೆಹಾಕುತ್ತಾರೆ. ಮರುದಿನ ಹಿಂಡಿ, ಉಣ್ಣೆ ಹಿಂಜಿ ತುಂಬಿ, ಮತ್ತೆ ಕಟ್ಟುತ್ತಾರೆ. ಹಿತ್ತಿಲ ಬಾಗಿಲ ಬಳಿ ಅದಕ್ಕೆಂದೇ ಮರದ ತೊಟ್ಟಿಯೊಂದಿತ್ತು. ಆ ಮನೆಯಲ್ಲಿ ಯಾರೂ ಬೇರೆಲ್ಲೂ ಚೆಲ್ಲುವಂತಿರಲಿಲ್ಲ. ಎಕಾರ್ಟ್, ಉಟ್ಸ್, ಗಂಗೋಲ್ಫ್, ಗೆಲಾ ಎಲ್ಲರೂ ಬೆಳಿಗ್ಗೆ ತಮ್ಮ ತಮ್ಮ ಗಡಿಗೆ ತಂದು ಅದಕ್ಕೇ ಸುರಿಯುತ್ತಿದ್ದರು.

ನಾಯಿಗೆ ಇದಕ್ಕಿಂತ ಒಳ್ಳೆಯ ಪುಸ್ತಕ ಯಾವುದು? ಹಗಲೆಲ್ಲ ನಾನು ಅಕ್ಷರಗಳ ಮೇಲೆ ಬೀಳುತ್ತಿದ್ದೆ, ಒಂದೂ ತಿಳಿಯುತ್ತಿರಲಿಲ್ಲ. ಸೀಸದಲ್ಲಿ ಅವು ಎಡಕ್ಕೆ ಮುಖ ಮಾಡಿರುತ್ತಿದ್ದವು. ಕಾಗದ ಎತ್ತಿ ಹಗ್ಗದ ಮೇಲೆ ಒಣಹಾಕಿದಾಗ ಅವೇ ಬಲಕ್ಕೆ ಹೊರಳಿರುತ್ತಿದ್ದವು. ನಾನು ಮುಟ್ಟಿದ್ದು ಇವನ್ನೇ ಹೌದೇ ಎಂದು ಗುರುತು ಹತ್ತುತ್ತಿರಲಿಲ್ಲ. ತೊಟ್ಟಿಯಲ್ಲಿ ಮಾತ್ರ ಎಲ್ಲ ಸ್ಪಷ್ಟ. ಉಟ್ಸ್ ಯಾವ ಅಂಗಡಿಯ ಬಿಯರ್ ಕುಡಿದ, ಗಂಗೋಲ್ಫ್‌ಗೆ ಎಲ್ಲಿ ಕಲ್ಲು ಕಟ್ಟಿ ನೋಯುತ್ತಿದೆ, ಎಕಾರ್ಟ್ ಏನು ಯೋಚನೆಯಲ್ಲಿ ಊಟ ಬಿಟ್ಟ, ಎಲ್ಲವನ್ನೂ ಓದುತ್ತಿದ್ದೆ.

ಆ ವರ್ಷ ಎಕಾರ್ಟ್ ಒಂದು ದೊಡ್ಡ ಹಾಳೆ ಅಚ್ಚು ಹಾಕಲು ಹೊರಟ. ಗೋಡೆಗೆ ಅಂಟಿಸುವ ಕ್ಯಾಲೆಂಡರ್. ಯಾವ ತಿಂಗಳು ರಕ್ತ ತೆಗೆಸಲು ಒಳ್ಳೆಯದು, ಯಾವ ತಿಂಗಳು ಮೈಗೆ ಚೂರಿ ಮುಟ್ಟಿಸಬಾರದು ಎಂದು ತಿಳಿಸುವಂಥದ್ದು. ಆ ನಾಡಿನಲ್ಲಿ ತಲೆ ಭಾರವಾದರೂ, ಹೊಟ್ಟೆ ಕೆಟ್ಟರೂ, ಏನೂ ಆಗದಿದ್ದರೂ, ಕ್ಷೌರಿಕನನ್ನು ಕರೆಸಿ ತೋಳಿನ ನರ ಕೊಯ್ಯಿಸಿಕೊಂಡು ಒಂದು ಬಟ್ಟಲು ರಕ್ತ ಹೊರಹಾಕಿಸುತ್ತಿದ್ದರು. ದಿನ ತಪ್ಪಿದರೆ ಜೀವಕ್ಕೆ ಅಪಾಯ ಎಂಬ ನಂಬಿಕೆಯಿತ್ತು.

ಅಚ್ಚು ಹಾಕುವ ಹಿಂದಿನ ದಿನ ವಿಪರೀತ ಚಳಿ. ಮೊಳೆಗಳನ್ನು ಬಿಗಿಹಿಡಿಯುವ ಮರದ ತುಂಡುಗಳು ಕುಗ್ಗಿ ಸಡಿಲವಾಗಿದ್ದವು. ಎಕಾರ್ಟ್ ಮೊಳೆ ಜೋಡಿಸಿದ ಚೌಕಟ್ಟನ್ನು ಎತ್ತುತ್ತಿದ್ದಂತೆ ಎರಡು ಸಾಲುಗಳು ಜಾರಿ ನೆಲಕ್ಕೆ ಬಿದ್ದವು. ಒಂದು ಮಾರ್ಚ್ ತಿಂಗಳ ಎದುರಿಗಿದ್ದದ್ದು, ಇನ್ನೊಂದು ಏಪ್ರಿಲ್‌ನದು. ಪುಣ್ಯಕ್ಕೆ ಸಾಲುಗಳು ಚೆದುರದೆ ಇಡಿಯಾಗಿಯೇ ಬಿದ್ದಿದ್ದವು. ಎಕಾರ್ಟ್ ಬಗ್ಗಿ, ಬೆರಳು ಊದಿ ಬಿಸಿ ಮಾಡಿಕೊಂಡು, ಅವನ್ನು ಎತ್ತಿ ಖಾಲಿಯಿದ್ದ ಕಡೆ ತುಂಬಿದ. ಎರಡರ ಉದ್ದವೂ ಒಂದೇ. ಎರಡೂ ಸರಿಯಾಗಿ ಕೂತವು.

ಮರುದಿನ ಮಸಿ ತಟ್ಟುವಾಗ ನನಗೆ ಮಾತ್ರ ಏನೋ ಇರಿಸುಮುರಿಸಾಯಿತು. ಮೂಗು ಮುರಿದ ಒಂದು ಅಕ್ಷರವಿತ್ತು. ಕರಡು ತೆಗೆಯುವಾಗ ಅದು ನನ್ನ ಅಂಚಿಗೆ ತಾಗಿತ್ತು. ಈಗ ನಡುವಿಗೆ ತಾಗುತ್ತಿತ್ತು. ಅದು ಜಾಗ ಬದಲಿಸಿದೆ ಎಂದು ಗೊತ್ತಾಯಿತು. ಗೊತ್ತಾದದ್ದಕ್ಕೆ ಏನು ಅರ್ಥ ಎಂದು ಗೊತ್ತಾಗಲಿಲ್ಲ.

ಉಟ್ಸ್ ತಟ್ಟಿದ, ಎಕಾರ್ಟ್ ಯಂತ್ರದ ಸನ್ನೆಕೋಲು ಎಳೆದ, ಹಾಳೆಗಳು ಹಗ್ಗದ ಮೇಲೆ ಏರಿದವು. ಗಂಗೋಲ್ಫ್ ಒಂದು ಹಾಳೆ ತೆಗೆದುಕೊಂಡು ಕಿಟಕಿಯ ಬಳಿ ಕೂತ. ಇನ್ನೊಂದು ಹಾಳೆ ತರಿಸಿದ. ಮತ್ತೊಂದು. ಮೇಜು ತುಂಬುವಷ್ಟು ಹರಡಿಕೊಂಡು, ಬೆರಳಿಟ್ಟು, ಒಂದರ ಜೊತೆ ಒಂದನ್ನು ಹೋಲಿಸತೊಡಗಿದ.

“ಇದೇನು ಪಾದ್ರಿಗಳೆ, ಇಸ್ಪೀಟು ಹರಡಿದ ಹಾಗೆ ಹರಡಿದ್ದೀರಿ?” ಎಂದ ಉಟ್ಸ್. ಗಂಗೋಲ್ಫ್ ಪಾದ್ರಿಯಾಗಿರಲಿಲ್ಲ. ಉಟ್ಸ್ ಹಾಗೆ ಕರೆದು ಕೆಣಕುತ್ತಿದ್ದ.

“ಮಠದಲ್ಲಿ ನಮಗೆ ಕಲಿಸಿದ್ದು ಇದು. ಒಂದೇ ಪ್ರತಿಯನ್ನು ನಂಬಬೇಡ. ಸಿಕ್ಕಷ್ಟು ಪ್ರತಿ ಎದುರಿಗಿಟ್ಟುಕೋ. ಹೆಚ್ಚಿನವು ಏನು ಹೇಳುತ್ತವೋ ಅದೇ ನಿಜ.” ಮುದುಕನ ಕಣ್ಣು ತುಂಬಿತ್ತು. “ಎಷ್ಟು ವರ್ಷ ಆ ಕೆಲಸ ಮಾಡಿದೆ! ಒಂದು ಪ್ರತಿಯಾದರೂ ಇನ್ನೊಂದರ ಹಾಗೆ ಇರಲಿಲ್ಲ. ಇವನ್ನು ನೋಡು. ಒಂದು ಚುಕ್ಕೆ ವ್ಯತ್ಯಾಸವಿಲ್ಲ. ಇಷ್ಟು ಸಾಕ್ಷಿಗಳು ಒಟ್ಟಾಗಿ ಒಂದೇ ಮಾತು ಹೇಳುವುದನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ.”

“ಕೈಬರಹದ ಮೂಲ ಒಂದಿದೆಯಲ್ಲ, ಅದನ್ನೂ ನೋಡಿದಿರಾ?” ಎಂದು ಎಕಾರ್ಟ್ ಕೇಳಿದ.

“ನೋಡಿದೆ. ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಅದು ಬೇರೆ ಹೇಳುತ್ತದೆ. ಬರೆದವನು ತೂಕಡಿಸಿರಬೇಕು. ಒಂದು ಒಂದೇ ಅಲ್ಲವೇ, ಇಷ್ಟರ ಎದುರು.”

ಎಕಾರ್ಟ್‌ಗೆ ಸಮಾಧಾನವಾಯಿತು. ಮಠದಲ್ಲಿ ತಲೆ ನರೆಸಿದವನ ಮಾತು. ಹಾಳೆಗಳು ಒಣಗಿದವು, ಊರಿನ ಮನೆಮನೆಯ ಗೋಡೆ ಏರಿದವು.

ಅದಾದ ಸ್ವಲ್ಪ ದಿನಕ್ಕೆ ತೊಟ್ಟಿಯಲ್ಲಿ ಆ ವಾಸನೆ ಬಂತು. ಮುರಿದ ಹೊಸ ಹುಲ್ಲು. ಸ್ವಲ್ಪ ಹಾಲು.

ನಾನು ಮೊದಲು ನಂಬಲಿಲ್ಲ. ಇದು ನನ್ನ ಒಳಗಿನ ಉಣ್ಣೆಯ ನೆನಪೇ? ಆ ಉಣ್ಣೆ ವೆಲ್ಟೆನ್‌ನ ಹಿಂಡಿನದೇ ಇರಬಹುದು, ನಾನು ಒಮ್ಮೆ ಬೊಗಳಿ ಕಾಯ್ದ ಕುರಿಯದೇ ಇರಬಹುದು. ಮರುದಿನವೂ ಬಂತು. ಗೆಲಾ ತನ್ನ ಗಡಿಗೆ ಸುರಿದು ಹೋದ ಮೇಲೆಯೇ ಬಂತು. ಅದಾದ ಮೇಲೆ ಅನುಮಾನವಿರಲಿಲ್ಲ. ಈ ವಿಷಯದಲ್ಲಿ ನಾನು ಎಂದೂ ತಪ್ಪಿದವನಲ್ಲ.

ಅವಳಿಗೆ ಮಾತ್ರ ಗೊತ್ತಿರಲಿಲ್ಲ. ಇಷ್ಟು ವರ್ಷದ ಮೇಲೆ ಅವಳು ಆ ದಿಕ್ಕಿನಲ್ಲಿ ಯೋಚಿಸುವುದನ್ನೇ ಬಿಟ್ಟಿದ್ದಳು.

“ಎಕಾರ್ಟ್, ಎಣ್ಣೆ ಕಾಯಿಸೋವಾಗ ತಲೆ ತಿರುಗುತ್ತೆ. ವಾಂತಿ ಬರೋ ಹಾಗಾಗುತ್ತೆ. ಮೊದಲು ಹೀಗಾಗ್ತಿರಲಿಲ್ಲ,” ಎಂದಳು ಒಂದು ದಿನ, ಉಣ್ಣೆ ಹಿಂಜುತ್ತಾ. “ತಿಂಗಳಿನದೂ ನಿಂತಿದೆ.”

“ರಕ್ತ ಕಟ್ಟಿಕೊಂಡಿದೆ. ನಿಮ್ಮಮ್ಮನಿಗೂ ಈ ವಯಸ್ಸಲ್ಲೇ ನಿಂತಿತ್ತು ಅಂದಿದ್ದೆಯಲ್ಲ. ಒಂದು ಬಟ್ಟಲು ತೆಗೆಸಿಬಿಡು, ಹಗುರಾಗ್ತೀಯ. ಹುಣ್ಣಿಮೆ ಕಳೆದ ಮಂಗಳವಾರ ಒಳ್ಳೇದು ಅಂತ ನಮ್ಮ ಹಾಳೇನೇ ಹೇಳುತ್ತಲ್ಲ.”

“ಮಾರ್ಚ್‌ನಲ್ಲಿ ಚೂರಿ ಮುಟ್ಟಿಸಬಾರದು ಅಂತ ನಮ್ಮಜ್ಜಿ ಹೇಳೋಳು.”

“ನಿಮ್ಮಜ್ಜಿ ಒಬ್ಬಳು, ಗೆಲಾ. ಇಲ್ಲಿ ನೋಡು, ಎಷ್ಟು ಹಾಳೆ ಹೇಳ್ತಿವೆ! ಅಚ್ಚು ಹಾಕಿದವನ ಹೆಂಡತೀನೇ ನಂಬದಿದ್ರೆ ಊರು ನಂಬುತ್ತಾ?”

ಅವಳು ಮತ್ತೆ ಉಣ್ಣೆ ಹಿಂಜತೊಡಗಿದಳು. ಉಟ್ಸ್‌ನ ಕೈಯಲ್ಲಿದ್ದ ನನಗೆ ಮೈಯೆಲ್ಲ ಗಂಟಲಾದ ಹಾಗಾಯಿತು. ಗಬ್ಬದ ಕುರಿಗೆ ಗಾಯವಾಗಿ ರಕ್ತ ಹೋದರೆ ಮರಿ ಹೋಗುತ್ತದೆ. ಅದನ್ನು ಗುಡ್ಡದ ಮೇಲೆ ಕಣ್ಣಾರೆ ನೋಡಿದ್ದೆ. ಎಲ್ಲರಿಗಿಂತ ಮೊದಲು ಗೊತ್ತಾಗುವವನು ನಾನು. ಎಲ್ಲರಿಗೂ ಗೊತ್ತಾಗುವ ಹಾಗೆ ಹೇಳುವುದೂ ನನ್ನ ಕೆಲಸವಾಗಿತ್ತು. ಈಗ ಮೊದಲರ್ಧ ಮಾತ್ರ ಉಳಿದಿತ್ತು. ಬೊಗಳಲು ಪ್ರಯತ್ನಪಟ್ಟೆ. ಹೇಗೆ ಎಂದು ಕೇಳಬೇಡಿ. ಉಟ್ಸ್ ನನ್ನನ್ನು ಅಕ್ಷರಗಳ ಮೇಲೆ ತಟ್ಟಿದ, ಎಂದಿನ ಸದ್ದೇ ಬಂತು. ಹಾಳೆಯ ಮೇಲೆ ಎಂದಿನ ಅಕ್ಷರಗಳೇ ಮೂಡಿದವು.

ಆ ಮಂಗಳವಾರ ಬಂತು. ಅಂದು ಅಚ್ಚಿನ ಕೆಲಸಕ್ಕೆ ಬಿಡುವು ಕೊಟ್ಟಿದ್ದರು. ನನ್ನನ್ನು ಬಿಚ್ಚಿ, ಉಣ್ಣೆ ತೆಗೆದು, ತೊಟ್ಟಿಯಲ್ಲೇ ಬಿಟ್ಟಿದ್ದರು. ಹಿತ್ತಿಲ ಬಾಗಿಲು ತೆರೆದಿತ್ತು. ಒಳಗಿನದೆಲ್ಲ ಕೇಳುತ್ತಿತ್ತು.

ಕ್ಷೌರಿಕ ಲೀನ್‌ಹಾರ್ಟ್ ಬಂದವನೇ ಕೂಗಾಡಿದ. “ಎಕಾರ್ಟ್, ಮೊದಲು ನಿನ್ನ ಕೈ ಕೊಯ್ಯಬೇಕು ನಾನು! ಮುಂಚೆ ಒಬ್ಬೊಬ್ಬರ ಗೋಡೆ ಮೇಲೆ ಒಂದೊಂದು ದಿನ ಇರ್ತಿತ್ತು. ಇವತ್ತು ಬೆಸ್ತ ಬಂದ, ನಾಳೆ ಬಡಗಿ ಬಂದ, ನೆಮ್ಮದಿಯಾಗಿ ಕೆಲಸ ಮಾಡ್ತಿದ್ದೆ. ಇವತ್ತು ನೋಡಿದ್ರೆ ಇಡೀ ಊರು ತೋಳು ಮಡಚಿಕೊಂಡು ನನ್ನ ಬಾಗಿಲಲ್ಲಿ ನಿಂತಿದೆ. ಬಟ್ಟಲು ತೊಳೆಯೋಕೂ ಪುರುಸೊತ್ತಿಲ್ಲ.”

“ಅಂದ್ರೆ ಎಲ್ಲರೂ ಓದಿದ್ದಾರೆ!” ಎಕಾರ್ಟ್‌ನ ದನಿಯಲ್ಲಿ ಹೆಮ್ಮೆ.

“ಓದಿದವನು ಒಬ್ಬ. ಉಳಿದವರೆಲ್ಲ ಅವನನ್ನ ಕೇಳಿದವರು. ಎಲ್ಲಿ ಗೆಲಾ, ಕೂರು. ಮೂತ್ರ ಎತ್ತಿಟ್ಟಿದ್ದೀಯಾ? ಗಾಜಿನಲ್ಲಿ ನೋಡದೆ ನಾನು ಯಾರನ್ನೂ ಕೊಯ್ಯಲ್ಲ. ನಮ್ಮಪ್ಪ ಹಾಕಿದ ನಿಯಮ.”

“ಅಯ್ಯೋ, ತೊಟ್ಟಿಗೆ ಸುರಿದುಬಿಟ್ಟೆ. ನಮ್ಮನೇಲಿ ಅದನ್ನ ಇಟ್ಟುಕೊಳ್ಳೋ ಹಾಗಿಲ್ಲ.”

“ಯಾಕೆ, ತೊಟ್ಟಿಯಲ್ಲಿ ಏನು ಮೀನು ಸಾಕಿದ್ದೀರಾ?”

“ನಾಯಿ ನೆನೆಹಾಕಿದ್ದೀವಿ,” ಎಂದ ಉಟ್ಸ್.

ಲೀನ್‌ಹಾರ್ಟ್‌ಗೆ ಕಾಯಲು ವ್ಯವಧಾನವಿರಲಿಲ್ಲ. ಹೊರಗೆ ಜನ ಅವನ ಹೆಸರು ಹಿಡಿದು ಕೂಗುತ್ತಿದ್ದರು. ದಡದಡನೆ ಹಿತ್ತಿಲಿಗೆ ಬಂದು ಗಾಜಿನ ಬುರುಡೆಯನ್ನು ತೊಟ್ಟಿಯಲ್ಲಿ, ನನ್ನ ಪಕ್ಕದಲ್ಲೇ, ಮುಳುಗಿಸಿ ಎತ್ತಿದ. ಬೆಳಕಿಗೆ ಹಿಡಿದ. ಎಲ್ಲರೂ ಅವನ ಹಿಂದೆ ಬಂದು ನಿಂತಿದ್ದರು.

“ಇದರಲ್ಲಿ ಒಬ್ಬ ಕುಡುಕ ಇದಾನೆ.”

“ಇಲ್ಲೇ ಇದೀನಿ,” ಎಂದ ಉಟ್ಸ್.

“ಒಬ್ಬನಿಗೆ ಕಲ್ಲು ಕಟ್ಟಿದೆ.” ಗಂಗೋಲ್ಫ್ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದ. “ಒಬ್ಬ ಸರಿಯಾಗಿ ಉಣ್ಣಲ್ಲ. ಆಮೇಲೆ...”

ಅವನು ನಿಲ್ಲಿಸಿದ. ಗಾಜನ್ನು ಮೂಗಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದ. ಅವನ ಅವಸರವೆಲ್ಲ ಇಳಿದುಹೋಯಿ‌ತು.

“ಗೆಲಾ, ತೋಳು ಮುಚ್ಚಿಕೋ.”

“ಯಾಕೆ? ಏನಾಗಿದೆ ನನಗೆ?”

“ಇಲ್ಲಿ ನೋಡು, ಮೇಲೆ ತೇಲ್ತಾ ಇದೆಯಲ್ಲ, ಬಿಳೀ ಮೋಡ? ಹಿಂಜಿದ ಉಣ್ಣೆ ಹಾಗೆ? ಬಸಿರಿದ್ರೆ ಮಾತ್ರ ಹೀಗೆ ಕಟ್ಟೋದು. ನಮ್ಮಪ್ಪ ಅಕ್ಷರಶಃ ಇದನ್ನೇ ಹೇಳಿಕೊಟ್ಟಿದ್ದ, ಹಿಂಜಿದ ಉಣ್ಣೆ ಹಾಗೆ ಅಂತ. ಈ ಮನೇಲಿ ಒಬ್ಬರು ಬಸಿರು. ಯಾರು ಅಂತ ಗಾಜು ಹೇಳಲ್ಲ.”

ಉಟ್ಸ್ ತನ್ನ ಹೊಟ್ಟೆ ಹಿಡಿದುಕೊಂಡ. “ನನ್ನಾಣೆ, ನಾನಲ್ಲ.” ಆಮೇಲೆ ಗೆಲಾಳ ಮುಖ ನೋಡಿ ಕೈ ತೆಗೆದ.

ಆ ಮೋಡ ಏನೆಂದು ಅಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಅದು ಹಿಂಜಿದ ಉಣ್ಣೆಯೇ. ನನ್ನ ಒಳಮೈಗೆ ಅಂಟಿಕೊಂಡಿದ್ದ ಎಳೆಗಳು ಬಿಟ್ಟುಕೊಂಡು ತೇಲುತ್ತಿದ್ದವು. ಲೀನ್‌ಹಾರ್ಟ್ ಹೇಳಿದ್ದು ತಪ್ಪು. ಲೀನ್‌ಹಾರ್ಟ್ ಹೇಳಿದ್ದು ಸರಿ. ಎರಡೂ ಒಂದೇ ಗಾಜಿನಲ್ಲಿದ್ದವು. ನನ್ನ ತಲೆ, ಅಥವಾ ತಲೆ ಇರಬೇಕಾದ ಜಾಗ, ಗಿರ್ರನೆ ತಿರುಗಿತು.

“ಆದರೆ ಹಾಳೆ...” ಎಂದ ಎಕಾರ್ಟ್.

“ಎಲ್ಲ ಪ್ರತಿಗಳೂ ಇಂದು ಒಳ್ಳೆಯ ದಿನ ಎಂದೇ ಹೇಳುತ್ತವೆ,” ಎಂದ ಗಂಗೋಲ್ಫ್. “ನಾನೇ ಹೋಲಿಸಿ ನೋಡಿದ್ದೇನೆ.”

“ಕೋಗಿಲೆ ನೂರು ಸಲ ಕೂಗಿದ್ರೆ ನೂರು ಕೋಗಿಲೆ ಇವೆ ಅಂತೀರಾ, ಮುದುಕಪ್ಪ?” ಲೀನ್‌ಹಾರ್ಟ್ ಗಾಜು ಬಗ್ಗಿಸಿ ತೊಟ್ಟಿಗೆ ಚೆಲ್ಲಿದ. “ಮಾರ್ಚ್‌ನಲ್ಲಿ ಚೂರಿ ಬೇಡ ಅಂತ ನಮ್ಮಪ್ಪನೂ ಹೇಳ್ತಿದ್ದ. ಊರೆಲ್ಲ ಒಂದೇ ಬಾಯಲ್ಲಿ ಇವತ್ತೇ ಅಂದಾಗ, ಹೋಗ್ಲಿ, ಅಪ್ಪನಿಗೆ ವಯಸ್ಸಾಗಿತ್ತು ಅಂದುಕೊಂಡೆ.”

ಎಕಾರ್ಟ್ ಒಳಗೆ ಹೋದ. ಯಂತ್ರದ ಪಕ್ಕದ ನೆಲವನ್ನು ನೋಡುತ್ತಾ ನಿಂತ. ಅಂದು ಎರಡು ಸಾಲುಗಳು ಬಿದ್ದದ್ದು, ಅವನು ಅವನ್ನು ಅದಲುಬದಲು ಮಾಡಿ ಎತ್ತಿಟ್ಟದ್ದು ಅಲ್ಲೇ. ಆಮೇಲೆ ಅವನು ಕಾಗದದ ಕಟ್ಟಿನ ಮೇಲೆ ಕುಸಿದು ಕೂತದ್ದು ಕೇಳಿಸಿತು. ಬಾಗಿಲಲ್ಲಿ ನಿಂತಿದ್ದ ಗೆಲಾ ಅವನ ಹತ್ತಿರ ಹೋಗಲಿಲ್ಲ. ತೊಟ್ಟಿಯ ಅಂಚು ಹಿಡಿದು ಬಗ್ಗಿ, ಆ ಮೋಡವನ್ನೇ ನೋಡುತ್ತಿದ್ದಳು.

“ಇದನ್ನ ಯಾರೂ ಕಲಕಬೇಡಿ,” ಎಂದಳು. “ಉಟ್ಸ್, ಚರ್ಮ ತೆಗೆಯೋವಾಗ ನಿಧಾನ. ಚೆದುರಿಹೋದ್ರೆ...”

ಸಂಜೆ ಉಟ್ಸ್ ನನ್ನನ್ನು ತೊಟ್ಟಿಯಿಂದ ಎತ್ತಿದ. ನನ್ನ ಒಳಮೈ ಹೊರಳಿಸಿದಾಗ ಅಲ್ಲಿ ಇನ್ನೂ ಅಂಟಿಕೊಂಡಿದ್ದ ಬಿಳಿ ಎಳೆಗಳನ್ನು ಕಂಡ. ತೊಟ್ಟಿ ನೋಡಿದ. ಮತ್ತೆ ನನ್ನನ್ನು ನೋಡಿದ. ಅವನ ಬಾಯಿ ತೆರೆದುಕೊಂಡಿತು, ‘ಯಜಮಾನಿ’ ಎನ್ನುವುದಕ್ಕೆ. ಒಳಗೆ ಅವಳು ಏನೋ ಗುನುಗುತ್ತಾ ಪಾತ್ರೆ ತೊಳೆಯುತ್ತಿದ್ದಳು. ಅವಳು ಗುನುಗುವುದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಉಟ್ಸ್ ಬಾಯಿ ಮುಚ್ಚಿದ.

ಮಾರನೆಯ ಬೆಳಿಗ್ಗೆ ಅವಳು ಏಳುವ ಮುಂಚೆ ಅವನು ಬುಟ್ಟಿಯಿಂದ ಒಂದು ಚಿಟಿಕೆ ಉಣ್ಣೆ ಹಿಂಜಿ ತೊಟ್ಟಿಯಲ್ಲಿ ಬಿಟ್ಟ. ಅವಳು ಬಂದು ನೋಡಿ ಹೋದಳು. ಅದರ ಮರುದಿನವೂ ಬಿಟ್ಟ. ಹೀಗೆ ವಸಂತವಿಡೀ. ಬಿಡುವಾಗ ಪ್ರತಿಸಲ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದ, ಕಳ್ಳನ ಹಾಗೆ ಸುತ್ತ ನೋಡುತ್ತಿದ್ದ. ಸತ್ಯ ತಿಳಿದ ದಿನ ಅವಳು ಏನಾಗುತ್ತಾಳೋ ಎಂದು ಅವನಿಗೆ ನಿದ್ದೆಯಿರಲಿಲ್ಲ. ತೊಟ್ಟಿಯಲ್ಲಿ ನಾನು ಅದನ್ನೂ ಓದಿದೆ. ತಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅವನು ತಿಳಿದಿದ್ದ. ಅದು ನಿಜ ಎಂದು ಅವನಿಗೆ ಹೇಳುವವರಾರು? ಅವನು ನನ್ನನ್ನು ಹಿಡಿದುಕೊಂಡೇ ಇದ್ದ, ನಾನು ಅವನ ಕೈಯಲ್ಲೇ ಇದ್ದೆ, ಆದರೂ ಹೇಳಲಾಗಲಿಲ್ಲ.

ಅತ್ತ ಊರಿನಲ್ಲಿ ಇನ್ನೂ ವಿಚಿತ್ರ. ಕೆಟ್ಟ ದಿನದಲ್ಲಿ ರಕ್ತ ತೆಗೆಸಿಕೊಂಡವರಿಗೆ ಯಾರಿಗೂ ಏನೂ ಆಗಲಿಲ್ಲ. ರೊಟ್ಟಿ ಸುಡುವವನು ಖುದ್ದಾಗಿ ಬಂದು, ಎಂದೂ ಇಷ್ಟು ಹಗುರಾಗಿರಲಿಲ್ಲ, ಮುಂದಿನ ವರ್ಷದ ಹಾಳೆ ಮೊದಲು ನನಗೇ ಕೊಡಬೇಕು ಎಂದು ಎಕಾರ್ಟ್‌ನ ಕೈ ಕುಲುಕಿದ. ಎಕಾರ್ಟ್ ಅವನನ್ನು ದೆವ್ವ ನೋಡಿದಂತೆ ನೋಡಿದ. ಗಂಗೋಲ್ಫ್ ಉಳಿದಿದ್ದ ಹಾಳೆಗಳನ್ನು ಮುಂದಿಟ್ಟುಕೊಂಡು, ತಪ್ಪಿದ ಎರಡು ಸಾಲುಗಳನ್ನು ಒಂದೊಂದಾಗಿ ಕೈಯಿಂದ ತಿದ್ದಿದ. ತಿದ್ದಿ ಮುಗಿಸುವ ಹೊತ್ತಿಗೆ ಒಂದು ಹಾಳೆಯೂ ಇನ್ನೊಂದರ ಹಾಗೆ ಇರಲಿಲ್ಲ.

“ಇನ್ನು ಯಾವುದರ ಜೊತೆ ಹೋಲಿಸಿ ನೋಡಲಿ?” ಎಂದು ಅವನು ಕೇಳಿದ. ಯಾರನ್ನು ಕೇಳಿದನೋ ತಿಳಿಯದು.

ಬೇಸಿಗೆಯಲ್ಲಿ ಗೆಲಾಳ ಲಂಗದ ದಾರ ಸಾಲದಾಯಿತು. ಆ ದಿನ ಉಟ್ಸ್ ಕೈಯಲ್ಲಿದ್ದ ಉಣ್ಣೆಯ ಚಿಟಿಕೆಯನ್ನು ತೊಟ್ಟಿಗೆ ಬಿಡದೆ, ತೆರೆದ ಬಾಯಿ ಮುಚ್ಚದೆ ನಿಂತುಬಿಟ್ಟ. ಆಮೇಲೆ ನನ್ನನ್ನು ಎತ್ತಿ ಮುಖದ ಹತ್ತಿರ ತಂದು ನೋಡಿದ. ಪವಾಡ ಮಾಡಿದ್ದು ಉಣ್ಣೆಯೋ, ದೇವರೋ, ತಾನೋ ಎಂದು ಲೆಕ್ಕ ಹತ್ತದ ನೋಟ. ನಾಯಿಯ ಹೆಸರು ಅವನ ಪಟ್ಟಿಯಲ್ಲಿ ಇರಲಿಲ್ಲ. ಅಂದಿನಿಂದ ಅವನು ನನ್ನನ್ನು ಬಡಿಯಲಿಲ್ಲ, ತಟ್ಟಿದ, ಮಗು ಮಲಗಿಸುವ ಹಾಗೆ.

ಚಳಿಗಾಲ ಶುರುವಾಗುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ನೇಸಾ ಎಂದು ಹೆಸರಿಟ್ಟರು. ಮಗುವಿನ ಅಳುವಿನ ಜೊತೆ ಯಂತ್ರದ ಕಿರುಗುಟ್ಟುವ ಸದ್ದು ಸೇರಿಕೊಂಡಿತು.

ನನಗೆ ವಯಸ್ಸಾಯಿತು. ಎಷ್ಟು ನೆನೆದರೂ ಮೆತ್ತಗಾಗದಷ್ಟು ಬಿರುಸಾದೆ. ಹೊಸ ಚರ್ಮಗಳು ಬಂದವು, ಬೇರೆ ನಾಯಿಗಳವು. ನನ್ನ ಜೋಡಿ, ಆ ಹೊಟ್ಟೆಯ ಚೆಂಡು, ಬಿರುಕುಬಿಟ್ಟು ಒಲೆಗೆ ಹೋಯಿತು. ಕೊನೆಯವರೆಗೂ ಅದು ಒಂದು ಮಾತೂ ಆಡಲಿಲ್ಲ. ನನ್ನ ಅರ್ಧ ಸುಟ್ಟುಹೋಯಿತೇ, ಬೇರೆ ಯಾರೋ ಸುಟ್ಟುಹೋದರೇ ಎಂದು ಆ ಸಂಜೆ ಬಹಳ ಯೋಚಿಸಿದೆ. ನನ್ನನ್ನು ಮಾತ್ರ ಗೆಲಾ ಒಲೆಗೆ ಹಾಕಲಿಲ್ಲ. ಮರದ ಹಿಡಿ ಕಿತ್ತು, ಹಳೆಯ ಉಣ್ಣೆಯನ್ನೇ ಬಿಗಿಯಾಗಿ ತುಂಬಿ, ಸುತ್ತ ಹೊಲಿದು, ನೇಸಾಳಿಗೆ ಆಡಲು ಕೊಟ್ಟಳು. ಈಗ ನನ್ನೊಳಗೆ ಮರ ಇಲ್ಲ. ಗೊಂದಲ ಅಷ್ಟು ಕಡಿಮೆಯಾಗಬೇಕಿತ್ತು. ಆಗಲಿಲ್ಲ.

ನಾನೀಗ ಇರುವುದು ಒಲೆಯ ಪಕ್ಕದ ಬೆಂಚಿನ ಕೆಳಗೆ. ಮೊನ್ನೆ ಉಟ್ಸ್ ಎಲ್ಲಿಂದಲೋ ಒಂದು ನಾಯಿಮರಿ ತಂದ. ನೇಸಾ ನನ್ನನ್ನು ಎಸೆದಳು. ಮರಿ ಓಡಿ ಬಂದು ನನ್ನನ್ನು ಕಚ್ಚಲು ಬಾಯಿ ತೆರೆಯಿತು. ಆಮೇಲೆ ಕಚ್ಚದೆ ಮೂಸತೊಡಗಿತು. ಬಹಳ ಹೊತ್ತು ಮೂಸಿತು, ಒಂದು ಕಡೆಯಿಂದ ಇನ್ನೊಂದು ಕಡೆಗೆ, ಬಿಟ್ಟುಹೋದಲ್ಲಿಗೆ ಮರಳಿ ಬಂದು. ಅದು ಓದುತ್ತಿತ್ತು. ಇಷ್ಟು ಪುಸ್ತಕಗಳಿಗೆ ಮಸಿ ಹಚ್ಚಿದ ನನ್ನನ್ನು ಯಾರಾದರೂ ಓದಿದ್ದು ಅದೇ ಮೊದಲು. ವೆಲ್ಟೆನ್‌ನ ಕುರಿಗಳು, ಅಗಸೆ ಎಣ್ಣೆ, ಉಟ್ಸ್‌ನ ಬಿಯರ್, ಗಂಗೋಲ್ಫ್‌ನ ಕಲ್ಲು, ಮುರಿದ ಹೊಸ ಹುಲ್ಲು, ಸ್ವಲ್ಪ ಹಾಲು. ಆ ಹುಲ್ಲು ಮತ್ತು ಹಾಲಿನ ಹತ್ತಿರ ಬಂದಾಗ ಮರಿ ತಲೆಯೆತ್ತಿತು. ಕಿವಿ ನಿಮಿರಿತು. ಜೋರಾಗಿ ಒಮ್ಮೆ ಬೊಗಳಿತು.

ಗೆಲಾ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿ ಬಂದಳು. “ಏನಾಯ್ತು? ನೇಸಾ, ಏನಾಯ್ತೇ?”

ಏನೂ ಆಗಿರಲಿಲ್ಲ. ಮಗು ನಗುತ್ತಿತ್ತು. ಗೆಲಾ ಮಗುವನ್ನು ನೋಡಿದಳು, ಮರಿಯನ್ನು ನೋಡಿದಳು, ನನ್ನನ್ನೂ ನೋಡಿದಳು. “ಸುಮ್ನೆ ಬೊಗಳುತ್ತೆ, ಪೆದ್ದು,” ಎಂದು ಮರಿಯ ತಲೆ ಸವರಿ, ಮಗುವನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು ಒಳಗೆ ಹೋದಳು.

ಅದು ಸುಮ್ಮನೆ ಬೊಗಳಿದ್ದಲ್ಲ. ಅಂದು, ಆ ಮಾರ್ಚ್‌ನಲ್ಲಿ, ಬೊಗಳಬೇಕಾಗಿದ್ದದ್ದು ಅದು. ಬೊಗಳಿದ್ದರೆ ಅವಳು ಹೀಗೇ ಓಡಿ ಬರುತ್ತಿದ್ದಳು. ಅಂದು ಬಾರದ ಸದ್ದು ಇಂದು ಬೇರೊಂದು ಗಂಟಲಿನಿಂದ ಬಂತು, ಹೇಳಬೇಕಾದದ್ದೆಲ್ಲ ಬೆಳೆದು ಅವಳ ಸೊಂಟದ ಮೇಲೆ ಕೂತು ನಗುತ್ತಿರುವಾಗ. ಬೊಗಳಿದ್ದು ಮರಿಯೋ, ನಾನೋ, ತಿಳಿಯಲಿಲ್ಲ. ಮರಿ ಮರಳಿ ಬಂದು ನನ್ನ ಮೇಲೆ ಗದ್ದವಿಟ್ಟು ಮಲಗಿತು. ಒಳಗಿನ ಉಣ್ಣೆ ನಿಧಾನವಾಗಿ ಬೆಚ್ಚಗಾಯಿತು.